ಕಾಲು ಗುಲಗಂಜಿ

ಮಾತ್ರೆಯನ್ನು ಮೊದಲ ಸಲ ತ್ರಾಸಿಗೆ ಹಾಕಿದ ದಿನ
ಅದು ಸರಿಯಾಗಿ ಒಂದು ಗುಲಗಂಜಿ ತೂಗಿತು.
ಅದರಲ್ಲಿ ಮದ್ದು ಹನ್ನೆರಡರಲ್ಲಿ ಒಂದು ಪಾಲಂತೆ,
ಉಳಿದದ್ದೆಲ್ಲ ಹಿಟ್ಟು.
ಗಾಂಧಿ ಬಜಾರಿನ ಈ ಗಲ್ಲಿಯಲ್ಲಿ ಕೂತು ಮೂವತ್ತೆರಡು ವರ್ಷ,
ಇಷ್ಟು ಕಳಪೆ ಕ್ಯಾರೆಟ್ಟಿನ ಮಾಲು ಮುಟ್ಟಿದ್ದಿಲ್ಲ ನಾನು.
ನುಂಗಿದ್ದು ಮಾತ್ರ ಹನ್ನೊಂದು ವರ್ಷ,
ದಿನಾ, ರಾತ್ರಿ ಊಟ ಆದ ಮೇಲೆ.

ಶುರುವಿಗೆ ಕಾರಣ ಇರಲಿಲ್ಲ. ಇದ್ದಿದ್ದರೆ
ಸುಗಂಧಾ ಅದನ್ನೇ ಬೈದು ಸುಮ್ಮನಾಗುತ್ತಿದ್ದಳು.
ಹೊತ್ತಿಸದ ಅಗ್ಗಿಷ್ಟಿಕೆಯ ಮುಂದೆ ಮೂರು ತಿಂಗಳು ಕೂತಿದ್ದೆ.
ಊದುಗೊಳವೆ ತುಟಿಯವರೆಗೆ ಬರುವುದು,
ಉಸಿರು ಬರುತ್ತಿರಲಿಲ್ಲ.
ಆಗಿನ ಡಾಕ್ಟರು ಹೇಳಿದ್ದರು: ತಲೆಯಲ್ಲಿ ಒಂದು ರಸ ಕಮ್ಮಿ ಇದೆ,
ಇದು ತುಂಬಿಕೊಡುತ್ತೆ.
ಅರ್ಥವಾಗಿತ್ತು. ಕಮ್ಮಿ ಬಿದ್ದರೆ ತುಂಬಿಕೊಡಬೇಕು,
ನಮ್ಮ ಲೆಕ್ಕವೂ ಅದೇ.

ದುರ್ಗಿಗುಡಿಗೆ ಹೊಸದಾಗಿ ಬಂದ ಡಾಕ್ಟರ್ ಝರೀನಾ
ಆ ಮಾತು ಕೇಳಿ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು.
"ಈಗ ನಾವು ಹಾಗೆ ಹೇಳೋದಿಲ್ಲ ರಾಯ್ಕರೇ."
ಹಾಗಾದರೆ ಹನ್ನೊಂದು ವರ್ಷ ನಾನು ತುಂಬಿಸಿದ್ದು ಏನನ್ನ?
"ಗುಣ ಆಯ್ತಲ್ಲ?"
ಆಯಿತು.
"ಹೇಗೆ ಆಯ್ತು ಅನ್ನೋದರ ಮೇಲೆ ನಮ್ಮವರಲ್ಲೇ ಜಗಳ."

ಸಿಟ್ಟು ಬರಲಿಲ್ಲ. ಬಿಳಿಗಾರ ಹಾಕಿದರೆ ಬೆಸುಗೆ ಹರಿಯುತ್ತೆ,
ಯಾಕೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ,
ಅವನು ಹಾಕಿದ ಬೆಸುಗೆ ಒಂದೂ ಬಿಟ್ಟುಕೊಂಡಿದ್ದಿಲ್ಲ.
ಒಂದೇ ಕೇಳಿದೆ: ನಮಗೆ ಒರೆಗಲ್ಲಿದೆ, ನಿಮಗೆ?
ಆಕೆ ಡ್ರಾಯರಿನಿಂದ ಒಂಬತ್ತು ಪ್ರಶ್ನೆಯ ಹಾಳೆ ತೆಗೆದು ತೋರಿಸಿ
ತಾನೇ ನಕ್ಕುಬಿಟ್ಟರು.

ಹಿಂದೊಮ್ಮೆ ಯಾರಿಗೂ ಹೇಳದೆ ದಿಢೀರನೆ ಬಿಟ್ಟಿದ್ದೆ.
ಐದನೇ ದಿನ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕಿಡಿ,
ಕೆಂಡಕ್ಕೆ ಉಪ್ಪು ಬಿದ್ದ ಹಾಗೆ ಚಟ್ ಚಟ್.
ಗಿರಾಕಿಯ ಮೂಗುತಿ ಚರಂಡಿಗೆ ಎಸೆದೆ.
(ಬೆಳಿಗ್ಗೆ ಚರಂಡಿ ಮಣ್ಣು ಜಾಲಿಸುವ ತಿಪ್ಪಮ್ಮ
ಹುಡುಕಿ ತಂದು ಕೊಟ್ಟಳು, ಏನೂ ಕೇಳಲಿಲ್ಲ.)
ಹಳೆಯ ಡಾಕ್ಟರು: ನೋಡಿದಿರಾ, ರೋಗ ವಾಪಸು ಬಂತು,
ಇನ್ನು ಜೀವ ಇರೋವರೆಗೆ.
ಝರೀನಾ: ರೋಗವೋ, ಮದ್ದು ಬಿಟ್ಟ ಮೈಯ ಮುನಿಸೋ,
ಎರಡರ ಮುಖವೂ ಒಂದೇ ಥರ. ನಿಧಾನ ಇಳಿಸಿ ನೋಡೋಣ.
ಕೊನೆಕೊನೆಗೆ ಹೆಜ್ಜೆ ಇನ್ನೂ ಸಣ್ಣದಾಗಬೇಕು.

ಅದನ್ನು ನನಗೆ ಹೇಳಿಕೊಡಬೇಕಿರಲಿಲ್ಲ.
ಅರ ಹಿಡಿದವನಿಗೆ ಗೊತ್ತು, ಉಂಗುರ ಬೆರಳಿಗೆ ಕೂರುವ ಮುಂಚಿನ
ಕೊನೆಯ ಎರಡು ಉಜ್ಜಿನಲ್ಲೇ ಕೆಲಸ ಕೆಡುವುದು.

ಮುಕ್ಕಾಲು. ಅರ್ಧ. ಕಾಲು ಗುಲಗಂಜಿ.
ಹದಿನಾಲ್ಕು ತಿಂಗಳು. ಬ್ಲೇಡು, ಚಿಮಟ, ಗಾಜಿನ ಪೆಟ್ಟಿಗೆಯ ತ್ರಾಸು,
ಫ್ಯಾನು ಆಫ್ ಮಾಡಿ, ಉಸಿರು ಹಿಡಿದು.
ತ್ರಾಸಿಗೆ ತಿಳಿಯದ್ದು ನಿದ್ದೆಗೆ ತಿಳಿಯುತ್ತಿತ್ತು.

ಮೊನ್ನೆ ಕೋಟೆ ರಸ್ತೆಯ ಹೆಂಗಸೊಬ್ಬಳು ಕಾಸಿನ ಸರ ತಂದಳು,
ಕರಗಿಸಿಬಿಡಿ, ಮಗಳು ಬಳೆ ಕೇಳ್ತಿದಾಳೆ.
ಕೊಂಡಿ ತಿರುಗಿಸಿ ನೋಡಿದೆ.
ಅಪ್ಪನ ಗುರುತು, ಅಕ್ಕಿಕಾಳಿನಷ್ಟು.
ಮೂಸೆಯಲ್ಲಿ ಕಾಸುಗಳು ಬಾಗಿ, ಒಂದಕ್ಕೊಂದು ಅಂಟಿ, ಹೊಳೆದು,
ಕಾಸಲ್ಲದೆ ಹೋದವು.
ಅತ್ತುಬಿಟ್ಟೆ.

ಈ ಹನ್ನೊಂದು ವರ್ಷದೊಳಗೆ ಅಪ್ಪ ಸತ್ತಿದ್ದ.
ತುಂಗೆಯಲ್ಲಿ ಬೂದಿ ಬಿಟ್ಟಿದ್ದೆ.
ಹದಿಮೂರು ಕಳೆದ ಸಂಜೆಯೇ ಎರಡು ಜೊತೆ ಓಲೆ ಮುಗಿಸಿದ್ದೆ,
ಕೈ ನಡುಗಿರಲಿಲ್ಲ.
ಗಟ್ಟಿಗ ಅಂದಿದ್ದರು ಎಲ್ಲರೂ.

ಸುಗಂಧಾ ಬಾಗಿಲಲ್ಲಿ ನಿಂತು ಕೇಳಿದಳು: ಮತ್ತೆ ಶುರುವಾಯ್ತಾ?
ಗುಲಗಂಜಿಗೆ ತನ್ನ ಕಪ್ಪು ಕಾಣದು ಅಂತಾರೆ.
ಕೆಂಪಾದರೂ ಕಾಣುತ್ತಾ ಅದಕ್ಕೆ?

ಡಾಕ್ಟರ ಹಾಳೆಯಲ್ಲಿ ಮೂರೇ ಕಲಂ: ತಾರೀಖು, ತೂಕ, ಲಕ್ಷಣ.
ಮೂರನೆಯದರಲ್ಲಿ ಅಳು ಎಂದು ಬರೆದೆ.
ಯಾಕೆ ಅನ್ನೋದಕ್ಕೆ ಜಾಗ ಇರಲಿಲ್ಲ,
ಅಂಚಿನಲ್ಲಿ ಅಡ್ಡಡ್ಡ ಬರೆದೆ:
ಅಪ್ಪ ಮಾಡಿದ ಸರ, ನಲವತ್ತೆರಡು ಕಾಸು, ಕರಗಿಸಿದೆ.

ಈ ತಿಂಗಳು ಇಳಿಸಿಲ್ಲ. ಏರಿಸಿಯೂ ಇಲ್ಲ.
ಬುಧವಾರ ದುರ್ಗಿಗುಡಿ.
ಬಳೆ ಶುಕ್ರವಾರ ಕೊಡಬೇಕು.