ಹಿಂಬದಿ

ಮಂಗಳವಾರ. ಇಲ್ಲಿ ಒಂಬತ್ತು, ಅಲ್ಲಿ ಎಂಟು.
ವಾಲ್ಪರಾಯಿಸೊ ತೆರೆಯ ಮೇಲೆ ಮೂಡುತ್ತದೆ:
ಮೊದಲು ಒಂದು ಕಿವಿ, ಆಮೇಲೆ ಚಾವಣಿ,
ಆಮೇಲೆ ಉಗ್ರಾಣದ ಎಲೆವುತೇರಿಯೊ ಅವರ ಹೆಬ್ಬೆರಳು.
ಅವರು ಫೋನು ಹಿಡಿಯುವ ರೀತಿಯೇ ಹಾಗೆ.
ಆ ಗ್ಯಾಲರಿಯ ಒಂದು ಚಿತ್ರವನ್ನೂ
ಹೆಬ್ಬೆರಳಿಲ್ಲದೆ ನಾನು ನೋಡಿದ್ದಿಲ್ಲ.

ನಾನಿರುವುದು ಪುಂತಾ ಅರೇನಾಸಿನಲ್ಲಿ,
ರುಪೆರ್ತೊನ ಬೇಕರಿಯ ಮೇಲಿನ ಕೋಣೆ.
ಬಾಡಿಗೆಯಲ್ಲೇ ಸೇರಿದೆ ಒಲೆಯ ಬಿಸಿ, ಅವನ ವೈಫೈ,
ನಾಲ್ಕಕ್ಕೇ ಎಬ್ಬಿಸುವ ರೊಟ್ಟಿಯ ವಾಸನೆ.
ಗ್ಯಾಲರಿಯಲ್ಲಿ ಕೆಲಸ ಎಂದಾಗ
ಮೆಟ್ಟಿಲ ಬುಡದಿಂದ ಕತ್ತೆತ್ತಿ ಕೇಳಿದ್ದ:
"ಯಾವ ಗ್ಯಾಲರಿ? ನೀನು ಬೂಟನ್ನೇ ಮೆಟ್ಟುವುದಿಲ್ಲವಲ್ಲ."

ಒಪ್ಪಂದ ಅರ್ಧ ಹಾಳೆ.
ವಾರಕ್ಕೆ ಹದಿನೆಂಟು ಗಂಟೆ, ಸಂಬಳವಿಲ್ಲ, ಪ್ರಮಾಣಪತ್ರವುಂಟು.
ಸಂಗ್ರಹ ಸಂಖ್ಯೆ ೨೧೭ರ ಮೂಲ ಹುಡುಕುವುದು.
"ಇಸ್ತ್ರಿ ಮಾಡುವ ಹೆಂಗಸು. ಕಲಾವಿದ ತಿಳಿದಿಲ್ಲ.
ಸುಮಾರು ೧೯೩೦. ಕ್ಯಾನ್‌ವಾಸಿನ ಮೇಲೆ ತೈಲವರ್ಣ."

ಅವಳನ್ನೀಗ ನನ್ನ ತಂಗಿಗಿಂತ ಚೆನ್ನಾಗಿ ಬಲ್ಲೆ.
ನಾನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿದ್ದೇನೆ
ಎಡ ಮುಂಗೈಯ ಸುಟ್ಟ ಕಲೆ,
ಕುಂಚದ ಒಂದೇ ಎಳೆತಕ್ಕೆ ಮುಗಿದುಹೋದ ತುಟಿ.
ಇನ್ನೂ ಹಿಗ್ಗಿಸಿದರೆ ಅವಳಿಲ್ಲ,
ಬರೀ ಚೌಕಗಳು, ಗೋಧಿ ಬಣ್ಣದವು, ಬೂದಿ ಬಣ್ಣದವು.
ಎಷ್ಟು ದೊಡ್ಡವಳೆಂಬುದೇ ತಿಳಿಯದೆ
ಅಗಲ ನಲವತ್ತೆಂಟು, ಎತ್ತರ ಅರವತ್ತೆರಡು ಎಂದು ಓದಿ
ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.
ಆ ಖಾಲಿ ಚೌಕಟ್ಟಿನೆದುರು ಕೂತು ಸೂಪು ಕುಡಿದೆ, ಎಷ್ಟೋ ರಾತ್ರಿ.

ಹರಾಜಿನ ಪಟ್ಟಿಗಳು. ಹಳೆಯ ಪತ್ರಿಕೆಗಳು,
ಸತ್ತವರ, ಹಡಗುಗಳ, ಉಣ್ಣೆಯ ದರದ ನಡುವೆ
ಕಣ್ಣು ಉರಿಯುವ ತನಕ.
ಮಾಂತೆವಿದೆಯೊಗೆ ಬರೆದ ಪತ್ರಕ್ಕೆ
ರಜೆಯಲ್ಲಿದ್ದೇನೆ ಎಂದು ಯಂತ್ರ ಉತ್ತರಿಸಿತು.
ನನ್ನ ಟಿಪ್ಪಣಿಯಲ್ಲಿ "ಬಹುಶಃ" ನಲವತ್ತೊಂದು ಸಲ.

ಹನ್ನೊಂದನೆಯ ವಾರ. ಅಷ್ಟರಲ್ಲಿ ಅಲ್ಲಿಯ ಗಡಿಯಾರವೂ
ನಮ್ಮ ಗಂಟೆಗೆ ಬಂದು ಸೇರಿತ್ತು.
ದೊನ್ ಎಲೆವುತೇರಿಯೊ, ಅವಳನ್ನು ತಿರುಗಿಸುತ್ತೀರಾ?
ಫೋನನ್ನು ಎಲ್ಲೋ ಒರಗಿಸಿ ಕೈಗವಸು ತೊಟ್ಟರು.
ನಿದ್ದೆಯ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ
ಹಾಕಿಕೊಳ್ಳುವಂತೆ ತಿರುಗಿಸಿದರು.
ಮತ್ತೆ ಫೋನು ಹಿಡಿದು ಹತ್ತಿರ ಬಂದರು.
ಕಂದು ಬಟ್ಟೆ. ಮೊಳೆಯ ತುಕ್ಕು. ಹೆಬ್ಬೆರಳು.
ಹೆಬ್ಬೆರಳು ಸರಿದಲ್ಲಿ, ಮಾಸಿದ ನೀಲಿಯಲ್ಲಿ
ಅರ್ಧ ಹಕ್ಕಿ, ಮೂರಕ್ಷರ.

ರೊಟ್ಟಿ ಕೊಡಲು ಬಂದ ರುಪೆರ್ತೊ
ಹೆಗಲ ಮೇಲಿಂದ ಬಗ್ಗಿ ನೋಡಿದ.
ತೋಳಿನಿಂದ ಕೀಲಿಮಣೆಗೆ ಹಿಟ್ಟು ಉದುರಿತು.
"ಇದೆಲ್ಲಿಯ ಕ್ಯಾನ್‌ವಾಸು? ಹಿಟ್ಟಿನ ಚೀಲ!
ಅಂಚಿನ ಜೋಡಿ ಹೊಲಿಗೆ ನೋಡು. ಇದು ಕೈಕೆನ್ ಬಾತು,
ಹಳೇ ಗಿರಣಿಯ ಮುದ್ರೆ. ನಮ್ಮಪ್ಪ ಚಿಕ್ಕಂದಿನಲ್ಲಿ ತೊಟ್ಟ
ಒಳಂಗಿಯ ಬೆನ್ನಲ್ಲೂ ಇತ್ತಂತೆ,
ಎಷ್ಟು ಒಗೆದರೂ ಹೋಗದೆ."
ಯಾವ ಗಿರಣಿ?
ಅವನು ಕಿಟಕಿಯತ್ತ ಗಲ್ಲ ಚಾಚಿದ.

ಆ ದಿನ ಗಾಳಿ ಗಂಟೆಗೆ ನೂರರ ಮೇಲೆ.
ರಸ್ತೆಯಂಚಿಗೆ ಕಟ್ಟಿದ ಹಗ್ಗ ಹಿಡಿದು
ಒಂಬತ್ತು ಬೀದಿ ನಡೆದೆ, ಬೂಟು ಮೆಟ್ಟಿ.
ಗಿರಣಿ ಈಗ ಟೈರಿನ ಗೋದಾಮು.
ಏನು ಬೇಕಿತ್ತು ಎಂದಳು ಕಾವಲಿನವಳು.
ಹೇಳಹೊರಟೆ; ಅರ್ಧ ವಾಕ್ಯವನ್ನು ಗಾಳಿ ಒಯ್ದಿತು,
ಉಳಿದರ್ಧಕ್ಕೆ ಅವಳು ಗೇಟು ತೆರೆದಳು.
ಹಿಂಗೋಡೆಯಲ್ಲಿ, ಉದುರುತ್ತಿದ್ದ ಸುಣ್ಣದಡಿ,
ನೀಲಿಯ ಒಂದು ಕೊಕ್ಕು.
ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ಪುಡಿ ಹತ್ತಿತು.
ಈ ಕೆಲಸದಲ್ಲಿ ನಾನು ಮುಟ್ಟಿದ್ದು ಅದೊಂದನ್ನೇ.

ಅವಳು ಯಾರೆಂದು ಕೊನೆಗೂ ತಿಳಿಯಲಿಲ್ಲ.
ವರದಿಯಲ್ಲಿ ಹಾಗೆಂದೇ ಬರೆದೆ.
ಇಲ್ಲಿ ಬರೆದರೋ, ಬರೀ ಚೀಲ ಉತ್ತರಕ್ಕೆ ಹೋಗಿತ್ತೋ,
ಅದೂ ನಲವತ್ತೆರಡನೆಯ ಬಹುಶಃ.
ಗೋಡೆಯ ಚೀಟಿ ಮಾತ್ರ ಬದಲಾಗಿದೆ:
"ಹಿಟ್ಟಿನ ಚೀಲದ ಮೇಲೆ ತೈಲವರ್ಣ."
ನಿನ್ನೆ ಅದರ ಫೋಟೊ ಬಂತು.
ನನ್ನ ಹೆಸರು ಇಲ್ಲ, ಇರುತ್ತದೆಂದು ಯಾರೂ ಹೇಳಿರಲಿಲ್ಲ.
ಎಡ ಮೂಲೆಯಲ್ಲಿ ಹೆಬ್ಬೆರಳಿದೆ.