ಇಪ್ಪತ್ತನೆಯ ಚೀಲ

ಹತ್ತೊಂಬತ್ತು ಚೀಲ ಬೆಟ್ಟದ್ದು,
ಇಪ್ಪತ್ತನೆಯದು ದುಲ್ಮಾಳದ್ದು.

ನಿಯಮವೇ ಹಾಗೆ. ಕೊರೆದು ತೆಗೆದ ಕಲ್ಲಿನ ದಿಂಡನ್ನು
ಗರಗಸ ಉದ್ದಕ್ಕೆ ಸೀಳುತ್ತದೆ;
ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ, ಅರ್ಧ ಚೀಲಕ್ಕೆ,
ಚೀಲಕ್ಕೊಂದು ನಂಬರು,
ನಂಬರುಗಳ ನಡುವೆ ಸದ್ದಿಲ್ಲದೆ ಕೂತ
ಒಂದು ಬರಡು ಕಲ್ಲು.
ಚಿನ್ನದ ವಾಸನೆಯೂ ಇಲ್ಲದ್ದು.
ಪ್ರಯೋಗಾಲಯವನ್ನೇ ಒರೆಗೆ ಹಚ್ಚಲಿಕ್ಕೆ.

ಗೋಬಿಯ ಗಾಳಿ ಶೆಡ್ಡಿನ ತಗಡು ಬಡಿಯುವಾಗ
ಕೈಗವಸು ಕಳಚಿ ಬರೆಯುತ್ತಾಳೆ.
ಮೈನಸ್ ಮೂವತ್ತರಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ,
ಪೆನ್ಸಿಲ್ಲೇ ಗತಿ.

ಬರಡು ಕಲ್ಲು ಎಲ್ಲಿಯದೆಂದು ಯಾರೂ ಕೇಳಿರಲಿಲ್ಲ.
ಚಳಿಗಾಲಕ್ಕೆ ಅವ್ವ ಬಿಡಾರ ಹೂಡುವ
ಒಣಹಳ್ಳದ ಬಿಳಿ ಬೆಣಚು ಅದು.
ಬೆರಣಿ ಒದ್ದೆಯಾಗದಂತೆ ಅಡಿಗೆ ಹಾಸುವಂಥದ್ದು.
ಎಂಟು ಸಲ ಪರೀಕ್ಷಿಸಿದ್ದರು,
ಎಂಟು ಸಲವೂ ಸೊನ್ನೆ.

ಜನವರಿಯಲ್ಲಿ ಏಳನೇ ಬೋರಿನ ಫಲಿತಾಂಶ ಬಂತು.
ಪುರೆವ್ ವೋಡ್ಕಾ ತೆರೆದ,
ಉಂಗುರಬೆರಳು ಅದ್ದಿ ಆಕಾಶಕ್ಕೊಂದು ಹನಿ ಚಿಮ್ಮಿದ.
ದುಲ್ಮಾ ಕಾಲಮ್ಮಿನ ಮೇಲೆ ಬೆರಳಿಟ್ಟು ಇಳಿದಳು,
ಇಪ್ಪತ್ತು, ನಲವತ್ತು,
ಅರವತ್ತರಲ್ಲಿ ನಿಂತಳು.

ಅವ್ವನ ಬೆಣಚಿನಲ್ಲಿ ಚಿನ್ನ.
ಟನ್ನಿಗೆ ಮೂರು ಗ್ರಾಂ.

"ಮಷೀನು ತೊಳೆದಿರಲಿಕ್ಕಿಲ್ಲ" ಅಂದ ಪುರೆವ್,
"ಆ ಒಂದು ಸಾಲು ತೆಗೆ, ಮಿಕ್ಕದ್ದು ಚೆನ್ನಾಗೇ ಇದೆಯಲ್ಲ."
ಅವಳು ತೆಗೆಯಲಿಲ್ಲ.

ಟೊರೊಂಟೊದಲ್ಲಿ ರುಜು ಹಾಕುವವನಿಗೆ
ನಿಯಮಾವಳಿ ಇಟ್ಟ ಹೆಸರು 'ಅರ್ಹ ವ್ಯಕ್ತಿ'.
ಐದು ವರ್ಷದ ಅನುಭವ ಸಾಕು, ಸಂಘದ ಸದಸ್ಯತ್ವ ಬೇಕು.
ಹದಿನಾಲ್ಕು ವರ್ಷದ ದೂಳುಕೆಮ್ಮಿಗೆ
ಅರ್ಜಿಯಲ್ಲಿ ಜಾಗವಿಲ್ಲ.
ಆದರೂ ಅವನು ಪೂರ್ತಿ ಓದುವ ಆಸಾಮಿ.
ವಾರದಲ್ಲಿ ಪತ್ರ ಬಂತು, ಒಂದೇ ಪ್ರಶ್ನೆ:
ಬರಡು ಕಲ್ಲಿನ ಮೂಲ ಯಾವುದು?
ಅಕ್ಷಾಂಶ, ರೇಖಾಂಶ ಸಹಿತ ತಿಳಿಸಿ.

ಪುರೆವ್ ಈಗ ನಕ್ಷೆ ಹರಡಿಕೊಂಡಿದ್ದಾನೆ.
ಮಷೀನಿನ ಮಾತೇ ಮರೆತಿದೆ.
"ಒಣಹಳ್ಳ ಅಂದ್ರೆ... ನಮ್ಮ ಲೈಸೆನ್ಸಿನ ಒಳಗಾ, ಹೊರಗಾ?"
ಅವನ ಕೆಂಪು ಪೆನ್ನು
ಅವ್ವನ ಬಿಡಾರದ ಸುತ್ತ ನಿಧಾನ ಒಂದು ಸುತ್ತು ಬರುತ್ತದೆ.

ಹೇಳದಿದ್ದರೆ ಏಳನೇ ಬೋರು ಗೆಲ್ಲುತ್ತದೆ.
ಹೇಳಿದರೆ, ನಾಳೆ ಯಾರೋ ಹಳ್ಳಕ್ಕೆ ಗೂಟ ನೆಡಲು ಬರುತ್ತಾರೆ.
ಒಮ್ಮೆ, ಒಂದೇ ಒಂದು ಕ್ಷಣ,
ಅವಳಿಗೂ ಆ ಬಿಳಿ ಕಲ್ಲಿನ ಮೇಲೆ ಸಂಶಯ.

ಮೊದಲು ಎಂಟು ಸೊನ್ನೆಗಳನ್ನು ಬರೆಯಬೇಕು, ತಾರೀಖು ಸಮೇತ,
ಆಮೇಲೆ ಹಳ್ಳದ ಹೆಸರು.
ತಟ್ಟೆಯಲ್ಲಿ ಉಳಿದ ಅರ್ಧ ದಿಂಡನ್ನು
ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿ ಎಂಬುದೂ.

ಪೆನ್ಸಿಲ್ಲನ್ನು ಪಕ್ಕಕ್ಕಿಟ್ಟು
ಪೆನ್ನನ್ನು ಕಂಕುಳಲ್ಲಿ ಅವಚಿಕೊಂಡು ಕೂತಿದ್ದಾಳೆ ದುಲ್ಮಾ,
ಶಾಯಿ ಕರಗುವವರೆಗೆ.