ಬೇರೆ ಬಿಳಿ

ರುಸ್ತಾವಿಯಲ್ಲಿ, ಹದಿನೈದನೇ ಬ್ಲಾಕಿನ ಹಿಂದೆ,
ಹಿಪ್ಪುನೇರಳೆ ಮರದ ನೆರಳಿಂದ ಆಚೆಗೆ ಕಾರು ತಳ್ಳಿ
(ಹಣ್ಣು ಬಿದ್ದ ಕಡೆ ಅಂಟು ಕೂರುವುದಿಲ್ಲ)
ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ ತ್ಸಿಯಾಲಾ.

ಹಳೆಯದು ಹೋದದ್ದು ಹೀಗೆ:
ನಾಲ್ಕನೇ ಮಹಡಿಯ ಗ್ರಿಗೋಲ್
ಹೊಸ ಸೋಫಾವನ್ನು ಹಗ್ಗದಲ್ಲಿ ಮೇಲಕ್ಕೆಳೆಸುತ್ತಿದ್ದ.
ಹಗ್ಗ ಒಪ್ಪಲಿಲ್ಲ.
ತಾಗಿದ್ದು ಸೋಫಾದ ಒಂದೇ ಒಂದು ಕಾಲು.
"ದೇವರು ದೊಡ್ಡವನು, ಒಳಗೆ ನೀನಿರಲಿಲ್ಲ" ಎಂದ ಗ್ರಿಗೋಲ್.
"ಸೋಫಾ ಹೇಗಿದೆ?" ಎಂದಳು ಇವಳು.
ಸೋಫಾಗೆ ಏನೂ ಆಗಿರಲಿಲ್ಲ.

ಹೊಸದು, ಹೊಸದೇನಲ್ಲ.
ಊರ ಹೊರಗಿನ ಕಾರು ಸಂತೆಯಲ್ಲಿ
ಬಾಗಿಲುಗಳ ಗುಡ್ಡೆ, ಕನ್ನಡಿಗಳ ಗುಡ್ಡೆ ದಾಟಿ
ಚೌಕಾಸಿ ಮಾಡಿ ತಂದದ್ದು, ನೂರಹತ್ತು ಲರಿಗೆ.
ಕಡಲಾಚೆಯ ಯಾರದೋ ಅಪಘಾತದಿಂದ ಬಿಚ್ಚಿಸಿಕೊಂಡು
ಹಡಗು ಹತ್ತಿ ಬಂದ ಸ್ಪಾಯ್ಲರು.
ಅಡಿಯಲ್ಲೊಂದು ಒಣಗಿದ ಕಣಜದ ಗೂಡು:
ಆರು ಕೋಣೆ, ಬಾಡಿಗೆದಾರರಿಲ್ಲ.
ಬಣ್ಣ ಬಿಳಿಯೇ. ಆದರೆ
ಕಾರಿನದು ಹಾಲು, ಇದರದು ಮಜ್ಜಿಗೆ.

ಕೆಳಮನೆಯ ನುಕ್ರಿ ಬಂದ, ಕನ್ನಡಕ ಒರೆಸುತ್ತ.
ಇಪ್ಪತ್ತಾರು ವರ್ಷ ಉಕ್ಕಿನ ಕುಲುಮೆಯ ಎದುರು ನಿಂತವನು.
ಅವನ ಕುಲುಮೆ ತಣ್ಣಗಾದ ಮೇಲೆ
ಈ ಬ್ಲಾಕಿನ ಸ್ಕ್ರೂಗಳಿಗೆಲ್ಲ ಅವನೇ ದಿಕ್ಕು.
ಎರಡನೇ ಮಹಡಿಯಿಂದ ದಾರದ ಬುಟ್ಟಿ ಇಳಿಯಿತು:
ಕೂದಲೊಣಗಿಸುವ ಯಂತ್ರ, ಮೀನುಗಾಳದ ನೂಲು,
ಅರ್ಧ ಬಾಟಲಿ ಸ್ಪಿರಿಟ್ಟು,
ಯಾರೂ ಕೇಳದ ನಾಲ್ಕು ಸೌತೆಕಾಯಿ.

ಬಿಸಿಗಾಳಿ ಊದಿ, ಸಂದಿಗೆ ನೂಲು ತೂರಿಸಿ
ಈಚೆಯಿಂದ ಅವಳು, ಆಚೆಯಿಂದ ಅವನು
ಗರಗಸದ ಹಾಗೆ ಎಳೆದರೆ
ಅಳಿದುಳಿದ ಹಳೆಯ ಅಂಟು
ಎಳೆಪಾಕದ ಬೆಲ್ಲದಂತೆ ಕಪ್ಪಗೆ ಜಗ್ಗಿ ಜಗ್ಗಿ
ಕೊನೆಗೆ ಬಿಟ್ಟಿತು.

ಕಾರಿಗೆ ನಾಲ್ಕು ತೂತು, ಇದಕ್ಕೆ ನಾಲ್ಕು ಬೋಲ್ಟು.
ಎಡದ ಎರಡು ಸದ್ದಿಲ್ಲದೆ ಕೂತವು.
ಬಲದವು ಮೂರು ಮಿಲಿಮೀಟರ್ ಆಚೆ.
ಎತ್ತು ಏರಿಗೆ, ಕೋಣ ನೀರಿಗೆ.
"ಅಪಘಾತದಲ್ಲಿ ತಿರುಚಿರಬೇಕು" ಎಂದ ನುಕ್ರಿ.
"ಯಾವುದು? ಇದೋ, ನನ್ನ ಕಾರೋ?"
ಅದೂ ಒಂದು ಕಾಲಕ್ಕೆ ಮುದ್ದೆಯಾಗಿ
ಅದೇ ಬಂದರಿಗೆ ಬಂದಿಳಿದದ್ದೇ.
ನುಕ್ರಿ ಉತ್ತರಿಸದೆ ಉರುಟು ಅರ ಎತ್ತಿಕೊಂಡ.

ತೂತು ಅಗಲಿಸುವ ಕೆಲಸ ನಿಧಾನದ್ದು.
ಉಜ್ಜುವುದು, ಊದುವುದು, ಬೋಲ್ಟು ಇಟ್ಟು ನೋಡುವುದು,
ಒಂದು ಸೌತೆಕಾಯಿ ತಿನ್ನುವುದು, ಮತ್ತೆ ಉಜ್ಜುವುದು.
ಬೆತ್ತಲಾದ ಲೋಹದ ಅಂಚಿಗೆ
ಅವಳು ತನ್ನ ಉಗುರುಬಣ್ಣವನ್ನೇ ಹಚ್ಚಿದಳು, ಕೆಂಪು.
ತುಕ್ಕಿಗೆ ಸೂಜಿಮೊನೆಯಷ್ಟು ಜಾಗ ಸಾಕು.

ಸೈಕಲ್ಲಿನ ಹುಡುಗ ಬಾಚೋ ಕಾಲೂರಿ ನಿಂತ:
"ಇದು ರೆಕ್ಕೆಯಾ?"
"ರೆಕ್ಕೆಯೇ. ಬೋರಲು ಹಾಕಿದ ರೆಕ್ಕೆ.
ವಿಮಾನದ್ದು ಎತ್ತುತ್ತದೆ, ಇದು ಒತ್ತುತ್ತದೆ."
"ಎಷ್ಟು ಸ್ಪೀಡಿಗೆ?"
"ನೂರಿಪ್ಪತ್ತು ದಾಟಲಿ, ಆಗ ಕೇಳು."
ಹುಡುಗ ತ್ಸಿಯಾಲಾಳ ಕಡೆ ನೋಡಿದ.
ಆಸ್ಪತ್ರೆ, ಸಂತೆ, ಬಸ್ ನಿಲ್ದಾಣ;
ಹದಿನಾಲ್ಕು ವರ್ಷದ ಟ್ಯಾಕ್ಸಿಯಲ್ಲಿ
ಎಪ್ಪತ್ತು ದಾಟಿದವಳಲ್ಲ.
ಮೂಗಿಗಿಂತ ಮೂಗುತಿ ಭಾರ.
"ಬ್ರೇಕಿನ ಮೂರನೇ ದೀಪ ಇದರೊಳಗಿದೆ" ಎಂದಳು
ಯಾರೂ ಕೇಳದಿದ್ದರೂ, ಸ್ವಲ್ಪ ಜೋರಾಗಿ.
"ಇದಿಲ್ಲದೆ ತಪಾಸಣೆಯವನು ಸಹಿ ಹಾಕುವುದಿಲ್ಲ."

ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಅಂಟು ಗೆರೆಯೆಳೆದು
ಉಸಿರು ಹಿಡಿದು ಇಳಿಸಿದರು.
ನಟ್ಟು ಬೆರಳಲ್ಲಿ ತಿರುವಿ, ಕೀಲಿಯಲ್ಲಿ ಅರ್ಧ ಸುತ್ತು,
ಅಷ್ಟೇ. ಬಿಗಿ ಜಾಸ್ತಿಯಾದರೆ ಬಿರುಕು.
ಅಂಟೆಲ್ಲ ಮುಗಿದ ಟೇಪು, ಅಡ್ಡಡ್ಡ ಪಟ್ಟಿ,
ಗಾಯಕ್ಕೆ ಕಟ್ಟಿದ ಹಾಗೆ. ನಾಳೆ ಸಂಜೆವರೆಗೆ ತೊಳೆಯಬೇಡ.

ಆಗಲೇ ಮಬ್ಬು. ಬಾಲ್ಕನಿಗಳಲ್ಲಿ ದೀಪ.
ಅವಳು ಒಳಗೆ ಕೂತಳು. ಅವನು ಹಿಂದೆ ನಿಂತ.
"ಒತ್ತು."
ಒತ್ತಿದಳು. ಕನ್ನಡಿಯಲ್ಲಿ
ಅವನ ಮುಖ ಕೆಂಪಗೆ ಹೊತ್ತಿಕೊಂಡಿತು,
ಕೆನ್ನೆ, ಕನ್ನಡಕ, ಅರೆತೆರೆದ ಬಾಯಿ.
"ಹತ್ತಿತಾ?"
ಹತ್ತಿತು ಅನ್ನಲಿಲ್ಲ ನುಕ್ರಿ.
ಕುಲುಮೆಬಾಯಿ ನೋಡುವವನ ಹಾಗೆ ಕಣ್ಣು ಕಿರಿದಾಗಿಸಿ
ಅಲ್ಲೇ ಇದ್ದ.
"ಇನ್ನೊಮ್ಮೆ" ಅಂದ.
ಒತ್ತಿದಳು.
"ಬಿಟ್ಟು ಇನ್ನೊಮ್ಮೆ."